ಕೆಳಗಿನ ಗಾಳಿ, ಮೇಲಿನ ದಿಬ್ಬ

ಗಣಿಯಲ್ಲಿ ನನಗೆ ಸಿಕ್ಕ ಮೊದಲ ಪಾಠ ಕಿವಿಯದು. ಕೆಲಸಕ್ಕೆ ಸೇರಿದ ಮೂರನೆಯ ದಿನ ಒಬ್ಬ ಹಿರಿಯ ಮೇಸ್ತ್ರಿ ಆಳೆತ್ತರದ ಹಾರೆಯೊಂದನ್ನು ನನ್ನ ಕೈಗಿತ್ತು, ‘ಮೇಲೆ ಕುಟ್ಟಿ ನೋಡಿ ಸರ್’ ಎಂದರು. ಹಿಂದಿನ ಪಾಳಿಯವರು ಮದ್ದು ಸಿಡಿಸಿ ಹೋಗಿದ್ದ ಜಾಗ ಅದು. ಹೊಗೆ ಹೊರಟುಹೋಗಿತ್ತು, ನೀರು ಸಿಂಪಡಿಸಿ ಧೂಳನ್ನೂ ಅಡಗಿಸಿದ್ದರು. ಕುಟ್ಟಿದೆ, ‘ಠಣ್’ ಎಂದಿತು. ಎರಡು ಹೆಜ್ಜೆ ಸರಿದು ಮತ್ತೆ ಕುಟ್ಟಿದೆ. ಅಲ್ಲೂ ‘ಠಣ್’. ಮೂರನೆಯ ಕಡೆ ಸದ್ದು ಬದಲಾಯಿತು, ಖಾಲಿ ಡಬ್ಬ ತಟ್ಟಿದ ಹಾಗೆ. ನನಗೆ ಅದು ಅರ್ಥವಾಗುವಷ್ಟರಲ್ಲಿ ಮೇಸ್ತ್ರಿ ನನ್ನ ಸೊಂಟದ ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದಾಗಿತ್ತು. ಹಾರೆ ಇಸಿದುಕೊಂಡು, ಪಕ್ಕಕ್ಕೆ ನಿಂತು, ಬಿರುಕಿಗೆ ತುದಿ ತೂರಿಸಿ ಒಂದೇ ಒಂದು ಸಲ ಮೀಟಿದರು. ಬಾಗಿಲಿನಷ್ಟು ಅಗಲದ ಹಲಗೆಯಂಥ ಕಲ್ಲು ನಾನು ನಿಂತಿದ್ದ ಜಾಗದ ಮೇಲೆ ಬಿದ್ದು ನಾಲ್ಕು ಹೋಳಾಯಿತು.

‘ಸದ್ದು ಪೊಳ್ಳಾದರೆ ಅಡಿಯಲ್ಲಿ ನಿಲ್ಲಬಾರದು’ ಎಂದಷ್ಟೇ ಹೇಳಿ ಅವರು ಮುಂದಕ್ಕೆ ಕುಟ್ಟುತ್ತ ಹೋದರು.

ಆಮೇಲೆ ಹಲವು ವರ್ಷ ನಾನು ಗಣಿಗಳ ವಾತಾಯನ ವಿಭಾಗದಲ್ಲಿ ದುಡಿದೆ. ಕೆಳಗೆ ದುಡಿಯುವವರಿಗೆ ಗಾಳಿ ತಲುಪಿಸುವ ಕೆಲಸ. ನಮ್ಮ ಕಚೇರಿಯಲ್ಲಿ ಒಂದರ ಪಕ್ಕ ಒಂದು ಎರಡು ಕಪಾಟುಗಳಿದ್ದವು. ಒಂದರ ಮೇಲೆ ‘ಸುರಕ್ಷತೆ’, ಇನ್ನೊಂದರ ಮೇಲೆ ‘ಪರಿಸರ’. ಎರಡಕ್ಕೂ ಬೇರೆ ಬೇರೆ ಅಧಿಕಾರಿಗಳು, ಬೇರೆ ಕಡತಗಳು, ಬೇರೆ ತಪಾಸಣೆ, ಬೇರೆ ವಾರ್ಷಿಕ ವರದಿ. ವರದಿಗಳ ರಕ್ಷಾಪುಟದ ಬಣ್ಣವೂ ಬೇರೆ: ಒಂದಕ್ಕೆ ಹಳದಿ, ಒಂದಕ್ಕೆ ಹಸಿರು. ಮೇಲೆ, ಬಿಸಿಲಿನಲ್ಲಿ ಕುಳಿತವರಿಗೆ ಈ ವಿಂಗಡಣೆ ಸರಿಯಾಗಿಯೇ ಕಾಣುತ್ತದೆ. ಒಂದು ಒಳಗಿರುವ ಮನುಷ್ಯನ ವಿಷಯ, ಇನ್ನೊಂದು ಹೊರಗಿರುವ ಮಣ್ಣು, ನೀರು, ಗಾಳಿಯ ವಿಷಯ. ಎರಡು ಕಿಲೋಮೀಟರ್ ಕೆಳಗೆ ನಿಂತಾಗ ನನಗೆ ಒಮ್ಮೆಯೂ ಆ ಎರಡು ಕಪಾಟುಗಳ ನಡುವಿನ ಗೋಡೆ ಕಾಣಲಿಲ್ಲ. ಈ ಬರಹ ಅದರ ಬಗ್ಗೆ.

ಮೊದಲು ಆ ಆಳ ಎಂಥದ್ದು ಎಂದು ಹೇಳಬೇಕು. ಒಂದು ಕಿಲೋಮೀಟರ್ ಇಳಿದರೆ ತಲೆಯ ಮೇಲಿನ ಬಂಡೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 270 ಕಿಲೋ ಭಾರ ಹೇರುತ್ತದೆ. ಮೂರು ಕಿಲೋಮೀಟರಿಗೆ ಅದು 800 ಕಿಲೋ ದಾಟುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸಣ್ಣದೊಂದು ಕಾರು ನಿಂತ ಹಾಗೆ. ಕೋಟ್ಯಂತರ ವರ್ಷಗಳಿಂದ ಬಂಡೆ ಈ ಭಾರವನ್ನು ತನ್ನೊಳಗೇ ಹಂಚಿಕೊಂಡು ಸುಮ್ಮನಿದೆ. ನಾವು ಹೋಗಿ ನಡುವೆ ಒಂದು ಪೊಳ್ಳು ಕೊರೆದೊಡನೆ, ಆ ಪೊಳ್ಳು ಹೊರಬೇಕಿದ್ದ ಪಾಲು ಅಕ್ಕಪಕ್ಕದ ಗೋಡೆಗಳ ಮೇಲೆ ಬೀಳುತ್ತದೆ. ಮೆತ್ತನೆಯ ಕಲ್ಲಾದರೆ ನಿಧಾನವಾಗಿ ಉಬ್ಬಿ, ಬಾಗಿ, ಮುಚ್ಚಿಕೊಳ್ಳಲು ನೋಡುತ್ತದೆ. ಗಟ್ಟಿ ಕಲ್ಲಿನ ಸ್ವಭಾವವೇ ಬೇರೆ. ಅದು ಬಾಗುವುದಿಲ್ಲ, ತಡೆದುಕೊಂಡು, ತಡೆದುಕೊಂಡು, ಒಂದು ಗಳಿಗೆಯಲ್ಲಿ ಸಿಡಿಯುತ್ತದೆ.

ಕೋಲಾರದ ಚಿನ್ನದ ಗಣಿಗಳಲ್ಲಿ ಇದಕ್ಕೆ ‘ಏರ್ ಬ್ಲಾಸ್ಟ್’ ಎಂದು ಹೆಸರಿತ್ತು. ಹೆಸರಿನಲ್ಲಿ ಗಾಳಿ ಇದ್ದರೂ ಸಿಡಿಯುತ್ತಿದ್ದದ್ದು ಕಲ್ಲು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಕೈಹಾಕಿತು. ಮುಂದೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ಆಳವನ್ನೂ ದಾಟಿತು. ಕೆಳಗೆ ಬಂಡೆ ಸಿಡಿದರೆ ಮೇಲೆ ಊರಿನ ಮನೆಗಳು ಅದುರುತ್ತಿದ್ದವು. ಅದಿರು ತೆಗೆದ ಪೊಳ್ಳುಗಳಲ್ಲಿ ಮರದ ಆಧಾರ ಸಾಲದಾದಾಗ ಅಲ್ಲಿಯವರು ಗ್ರಾನೈಟ್ ಕಲ್ಲಿನ ಗೋಡೆ ಕಟ್ಟತೊಡಗಿದರು. ಅಂದರೆ ಭೂಮಿಯೊಳಗಿಂದ ಕಲ್ಲು ತೆಗೆದು ಮೇಲಕ್ಕೆ ಕಳಿಸಿ, ಮೇಲಿನಿಂದ ಬೇರೆ ಕಲ್ಲು ಇಳಿಸಿ ಅಲ್ಲೇ ಜೋಡಿಸುವುದು. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಆಮೇಲೆ ತಿಳಿಯಿತು, ಆಳದ ಗಣಿಗಾರಿಕೆಯ ವಿದ್ಯೆಯಲ್ಲಿ ಅರ್ಧ ಇದೇ: ತೆಗೆದ ಜಾಗವನ್ನು ತುಂಬುವುದು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯನ್ನು ಕೋಲಾರದ ಗಣಿ ಪ್ರದೇಶದಲ್ಲೇ ಸ್ಥಾಪಿಸಿದ್ದು ಕಾಕತಾಳೀಯವಲ್ಲ. ಸಿಡಿಯುವ ಬಂಡೆಯನ್ನು ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ, ಅಥವಾ ಕೆಟ್ಟ, ಜಾಗ ದೇಶದಲ್ಲಿ ಇರಲಿಲ್ಲ. (ಅದೇ ಆಳವನ್ನು ಭೌತವಿಜ್ಞಾನಿಗಳು ಬೇರೆಯದಕ್ಕೆ ಬಳಸಿಕೊಂಡರು. 1965ರಲ್ಲಿ ವಾತಾವರಣದಿಂದ ಬರುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಅಲ್ಲಿ ಸಿಕ್ಕಿತು. ಮೇಲಿನ ಬೇರೆ ಕಣಗಳ ಗದ್ದಲವೆಲ್ಲ ಬಂಡೆಯಲ್ಲಿ ಸೋಸಿಹೋಗಿ ಕೆಳಗೆ ಅಷ್ಟು ನಿಶ್ಶಬ್ದ. ಕಾರ್ಮಿಕರು ಹೆದರುತ್ತಿದ್ದ ಬಂಡೆಯೇ ವಿಜ್ಞಾನಿಗಳಿಗೆ ಕೊಡೆಯಾಗಿತ್ತು.)

ಇವತ್ತಿನ ಆಳದ ಗಣಿಗಳಲ್ಲಿ ಹಾರೆಯ ಜೊತೆಗೆ ಬೇರೆ ಕಿವಿಗಳೂ ಇವೆ. ಗೋಡೆಗಳಲ್ಲಿ ರಂಧ್ರ ಕೊರೆದು ಹುಗಿದ ಸಂವೇದಕಗಳು ಬಂಡೆಯೊಳಗಿನ ಸಣ್ಣ ಸಣ್ಣ ಬಿರುಕುಗಳ ಸದ್ದನ್ನು ಹಗಲಿರುಳು ಕೇಳುತ್ತವೆ. ಎಲ್ಲಿ ಸದ್ದು ಹೆಚ್ಚಿತೋ ಅಲ್ಲಿಗೆ ಜನರನ್ನು ಬಿಡುವುದಿಲ್ಲ. ಮದ್ದು ಸಿಡಿಸುವುದನ್ನು ಪಾಳಿಯ ಕೊನೆಗೆ ಇಟ್ಟು, ಬಂಡೆ ಕೊಸರಾಡಿ ತಣ್ಣಗಾಗುವವರೆಗೆ ಯಾರೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. ಬಂಡೆಯನ್ನು ಹಿಡಿದಿಡಲು ಗೋಡೆಗೆ ಹೊಡೆಯುವ ಬೋಲ್ಟುಗಳಲ್ಲೂ ಈಗ ಎಳೆದರೆ ಜಗ್ಗುವ ಜಾತಿಯವು ಬಂದಿವೆ. ಬಂಡೆ ನೂಕಿದಾಗ ತುಂಡಾಗುವ ಬದಲು ಅಷ್ಟಿಷ್ಟು ಬಿಟ್ಟುಕೊಟ್ಟು ನಿಲ್ಲುತ್ತವೆ. ಇವೆಲ್ಲ ಸುಮ್ಮನೆ ಬಂದವಲ್ಲ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ 1993ರಲ್ಲಿ 615 ಜನ ಸತ್ತಿದ್ದರು. 2024ರಲ್ಲಿ ಆ ಸಂಖ್ಯೆ 42. ಅಷ್ಟರಲ್ಲಿ ಅಲ್ಲಿನ ಚಿನ್ನದ ಗಣಿಗಳು ಅನೇಕ ಮುಚ್ಚಿದವು, ಕಾರ್ಮಿಕರ ಸಂಖ್ಯೆಯೂ ಇಳಿಯಿತು ಎಂಬುದನ್ನು ಸೇರಿಸಿಯೇ ಆ ಅಂಕಿಗಳನ್ನು ಓದಬೇಕು. ಆದರೂ ಅದು ಸಣ್ಣ ಸಾಧನೆಯಲ್ಲ.

ಇನ್ನು ಬಿಸಿ. ನನ್ನ ವಿಭಾಗದ ವಿಷಯವಾದ್ದರಿಂದ ಸ್ವಲ್ಪ ಹೆಚ್ಚೇ ಬರೆದರೆ ಓದುಗರು ಸಹಿಸಿಕೊಳ್ಳಬೇಕು.

ಕೆಳಗೆ ಬಂಡೆ ಬಿಸಿಯಾಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ದಕ್ಷಿಣ ಆಫ್ರಿಕಾದ ಮ್ಪೊನೆಂಗ್ ಚಿನ್ನದ ಗಣಿ ಸುಮಾರು ನಾಲ್ಕು ಕಿಲೋಮೀಟರ್ ಆಳದ್ದು. ಅಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತದೆ, ಮಂಜುಗಡ್ಡೆ ಕಲಸಿದ ನೀರನ್ನು ಕೊಳವೆಗಳಲ್ಲಿ ಇಳಿಸಿ ಗಾಳಿಯನ್ನು ತಂಪು ಮಾಡುತ್ತಾರೆ. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ: ಮೇಲಿನಿಂದ ಕಳಿಸುವ ಗಾಳಿಯೂ ಇಳಿಯುತ್ತ ಇಳಿಯುತ್ತ ತಾನಾಗಿಯೇ ಬಿಸಿಯಾಗುತ್ತದೆ. ಸೈಕಲ್ ಪಂಪು ಒತ್ತಿದಾಗ ಅದರ ಬುಡ ಬಿಸಿಯಾಗುವುದಿಲ್ಲವೇ, ಹಾಗೆ. ಪ್ರತಿ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ. ಬಂಡೆ ತಣ್ಣಗಿದ್ದರೂ, ಯಂತ್ರಗಳು ನಿಂತಿದ್ದರೂ ಇದು ತಪ್ಪದು. ಅದಕ್ಕೆ ಬಂಡೆಯ ಬಿಸಿ, ಡೀಸೆಲ್ ಯಂತ್ರಗಳ ಬಿಸಿ, ಧೂಳು ಅಡಗಿಸಲು ಸಿಂಪಡಿಸಿದ ನೀರಿನ ಆವಿ ಎಲ್ಲ ಸೇರುತ್ತವೆ. ಕೊನೆಯದು ತುಂಬ ಕಾಡುವಂಥದ್ದು. ಗಾಳಿಯಲ್ಲಿ ತೇವ ತುಂಬಿದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಅದನ್ನು ಅಳೆಯಲು ನಮ್ಮ ಬಳಿ ಒಂದು ಸರಳ ಸಾಧನವಿತ್ತು. ಮರದ ಚೌಕಟ್ಟಿನಲ್ಲಿ ಎರಡು ಥರ್ಮಾಮೀಟರ್. ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಚೀಲ. ಹಿಡಿಯನ್ನು ಹಿಡಿದು ಗಿಲಕಿಯ ಹಾಗೆ ಗರಗರ ತಿರುಗಿಸಿ, ನಿಲ್ಲಿಸಿದೊಡನೆ ತಲೆದೀಪದ ಬೆಳಕಿನಲ್ಲಿ ಓದಬೇಕು. ಒದ್ದೆ ಬಟ್ಟೆಯ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಎನ್ನುವುದೇ ಮುಖ್ಯ. ಭಾರತದ ಲೋಹ ಗಣಿಗಳ 1961ರ ನಿಯಮಾವಳಿಯ ಪ್ರಕಾರ ಅದು 33.5 ಡಿಗ್ರಿ ದಾಟುವಂತಿಲ್ಲ, 30.5 ದಾಟಿದರೆ ಗಾಳಿ ಸೆಕೆಂಡಿಗೆ ಕನಿಷ್ಠ ಒಂದು ಮೀಟರ್ ವೇಗದಲ್ಲಿ ಬೀಸುತ್ತಿರಬೇಕು. ಒಂದು ಮೀಟರ್ ವೇಗವೆಂದರೆ ಹಣೆಯ ಮೇಲೆ ತಿಳಿಯುತ್ತದೆ. ಒಂದು ಚಿಟಿಕೆ ಧೂಳು ತೂರಿದರೆ ಅದು ಬೀಳುವ ಬದಲು ಪಕ್ಕಕ್ಕೆ ನಡೆಯುತ್ತದೆ.

ಒಂದು ವರ್ಷ, ಎಲ್ಲಿ ಎಂದು ಹೇಳುವುದಿಲ್ಲ, ವಿದ್ಯುತ್ ಉಳಿತಾಯದ ಅಭಿಯಾನ ಬಂತು. ಆಳದ ಗಣಿಯ ವಿದ್ಯುತ್ ಬಿಲ್ಲಿನಲ್ಲಿ ಫ್ಯಾನುಗಳದು ದೊಡ್ಡ ಪಾಲು. ಅರ್ಧದ ಹತ್ತಿರಕ್ಕೆ ಹೋಗುವುದೂ ಉಂಟು. ಫ್ಯಾನಿನ ಲೆಕ್ಕಾಚಾರದಲ್ಲಿ ಒಂದು ಆಮಿಷವಿದೆ. ವೇಗವನ್ನು ಐದರಲ್ಲೊಂದು ಪಾಲು ತಗ್ಗಿಸಿದರೆ ಗಾಳಿಯೂ ಐದರಲ್ಲೊಂದು ಪಾಲಷ್ಟೇ ತಗ್ಗುತ್ತದೆ, ಆದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಳಿತಾಯ ಬೇರೊಂದಿಲ್ಲ. ರಾತ್ರಿ ಪಾಳಿಯಲ್ಲಿ ಫ್ಯಾನಿನ ವೇಗ ಇಳಿಸಿದರು. ಹಸಿರು ರಕ್ಷಾಪುಟದ ವರದಿಯಲ್ಲಿ ಇಷ್ಟು ಇಂಧನ ಉಳಿಯಿತು, ಇಷ್ಟು ಇಂಗಾಲ ತಪ್ಪಿತು ಎಂದು ಸ್ತಂಭಚಿತ್ರ ಬಂತು. ಅದೇ ತಿಂಗಳುಗಳಲ್ಲಿ ಹಳದಿ ಕಡತದಲ್ಲಿ ರಾತ್ರಿ ಪಾಳಿಯವರ ಸುಸ್ತು, ವಾಂತಿ, ಕಾಲಿನ ಸೆಳೆತ, ಒಬ್ಬನಿಗೆ ತಲೆಸುತ್ತಿ ಏಣಿಯಿಂದ ಬಿದ್ದು ಮೊಣಕೈ ಮುರಿದದ್ದು ದಾಖಲಾದವು. ಎರಡೂ ಕಡತಗಳಿಗೆ ಅಂಕಿ ಒದಗಿಸುತ್ತಿದ್ದವನು ನಾನು. ಎರಡನ್ನೂ ಒಂದೇ ಮೇಜಿನ ಮೇಲೆ ತೆರೆದಿಟ್ಟು ನೋಡಬೇಕೆಂದು ನನಗೂ ಹೊಳೆದದ್ದು ನಾಲ್ಕನೆಯ ತಿಂಗಳಿನಲ್ಲಿ. ಈ ನಾಚಿಕೆಯನ್ನು ನಾನು ಯಾರ ತಲೆಗೂ ಕಟ್ಟಲಾರೆ.

ಫ್ಯಾನಿನ ವೇಗ ಮತ್ತೆ ಏರಿಸಬೇಕೆಂದು ಕೇಳಿದಾಗ ಉಳಿತಾಯ ಬಿಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಮೇಸ್ತ್ರಿಗಳೇ ದಾರಿ ತೋರಿಸಿದರು. ‘ಮೊದಲು ಸೋರುವುದನ್ನು ನಿಲ್ಲಿಸಿ ಸರ್’ ಎಂದರು. ನಾವು ಒಂದು ವಾರ ಗಾಳಿಯ ಜಾಡು ಹಿಡಿದು ನಡೆದೆವು. ಕೆಲಸದ ಜಾಗಕ್ಕೆ ಗಾಳಿ ಒಯ್ಯುವ ಬಟ್ಟೆಯ ದೊಡ್ಡ ಕೊಳವೆ ಮೂರು ಕಡೆ ಹರಿದಿತ್ತು. ಲೋಡರ್ ತಗುಲಿ ಹರಿದ ಒಂದು ಕಡೆ ನನ್ನ ಇಡೀ ತೋಳು ತೂರುತ್ತಿತ್ತು. ಅದಿರು ಮುಗಿದು ವರ್ಷಗಳಾಗಿದ್ದ ಒಂದು ಸುರಂಗಕ್ಕೆ ಯಾವ ಪುರುಷಾರ್ಥಕ್ಕೋ ಗಾಳಿ ಹೋಗುತ್ತಲೇ ಇತ್ತು. ಎರಡು ಗಾಳಿ ಬಾಗಿಲುಗಳ ರಬ್ಬರ್ ಸವೆದು ಸಿಳ್ಳೆ ಹೊಡೆಯುತ್ತಿದ್ದವು. ಹೊಲಿದೆವು, ಇಟ್ಟಿಗೆ ಕಟ್ಟಿ ಮುಚ್ಚಿದೆವು, ರಬ್ಬರ್ ಬದಲಿಸಿದೆವು. ಫ್ಯಾನಿನ ವೇಗ ಪೂರ್ತಿ ಏರಿಸದೆಯೇ ಜನ ಇದ್ದಲ್ಲಿಗೆ ಗಾಳಿ ಬಂತು. ಹೊಸ ಗಣಿಗಳಲ್ಲಿ ಇದನ್ನೇ ಸಂವೇದಕಗಳು ಮಾಡುತ್ತವೆ: ಯಾವ ಸುರಂಗದಲ್ಲಿ ಜನ, ಯಂತ್ರ ಇವೆಯೋ ಅಲ್ಲಿಗೆ ಮಾತ್ರ ಗಾಳಿ ತಿರುಗಿಸುವುದು. ಉಳಿತಾಯವೂ ಸುರಕ್ಷತೆಯೂ ಒಂದೇ ಕೊಳವೆಯಲ್ಲಿ ಹರಿಯುತ್ತಿದ್ದವು. ಹೊಲಿಯಲು ಸೂಜಿ ದಾರ ಹಿಡಿದವರು ಬೇಕಿತ್ತು, ಅಷ್ಟೆ.

ಡೀಸೆಲ್ ಯಂತ್ರಗಳ ಮಾತೂ ಹೀಗೆಯೇ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿತು. ಮುಚ್ಚಿದ ಸುರಂಗದಲ್ಲಿ ಆ ಹೊಗೆಯನ್ನು ತೆಳುವಾಗಿಸಲು ಗಾಳಿ ಬೇಕು, ಗಾಳಿಗೆ ಫ್ಯಾನು, ಫ್ಯಾನಿಗೆ ವಿದ್ಯುತ್. ಬ್ಯಾಟರಿ ಯಂತ್ರಗಳು ಬಂದರೆ ಹೊಗೆಯೂ ಇಲ್ಲ, ಬಿಸಿಯೂ ಕಡಿಮೆ, ಗಾಳಿಯ ಹೊರೆಯೂ ಇಳಿಯುತ್ತದೆ. ಜೊತೆಗೆ ಹೊಸ ಭಯವೊಂದೂ ಬರುತ್ತದೆ: ಕೆಳಗೆ ಬ್ಯಾಟರಿಗೆ ಬೆಂಕಿ ಹತ್ತಿದರೆ ನಂದಿಸುವುದು ಕಷ್ಟ, ಅದರ ಹೊಗೆ ವಿಷ. ಆ ಬ್ಯಾಟರಿಗೆ ಬೇಕಾದ ತಾಮ್ರ, ನಿಕ್ಕಲ್ ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಮತ್ತೆ ಇಂಥದ್ದೇ ಇನ್ನೊಂದು ಗಣಿಯ ಬಾಯಿಗೆ ಬಂದು ನಿಲ್ಲುತ್ತೇವೆ. ಮೇಲ್ಪದರದ ಅದಿರು ಮುಗಿಯುತ್ತ ಬಂದಿದೆ. ಇನ್ನು ಆಳಕ್ಕೇ ಹೋಗಬೇಕು.

ಕಲ್ಲಿನ ಧೂಳಿನ ಬಗ್ಗೆ ಎರಡೇ ಮಾತು. ಬಂಡೆ ಸಿಡಿದು ಸತ್ತವರ ಹೆಸರು ಕಲ್ಲಿನ ಫಲಕದ ಮೇಲೆ ಕೆತ್ತಿರುತ್ತದೆ. ಸಿಲಿಕಾ ಧೂಳು ಕುಡಿದು ಹತ್ತು, ಹದಿನೈದು ವರ್ಷಗಳ ಮೇಲೆ ಮನೆಯಲ್ಲಿ ಉಸಿರು ಸಿಗದೆ ಸತ್ತವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಅಂಥ ಕಾರ್ಮಿಕರು ಒಟ್ಟಾಗಿ ಹೂಡಿದ ಮೊಕದ್ದಮೆ 2018ರಲ್ಲಿ ಸುಮಾರು 500 ಕೋಟಿ ರ‍್ಯಾಂಡ್ ಮೊತ್ತದ ರಾಜಿಗೆ ಬಂತು. ಕೊರೆಯುವಾಗ ನೀರು ಬಿಡುವುದು ಎಂಬ ಸಾದಾ ಉಪಾಯವೇ ಧೂಳಿಗೆ ಇಂದಿಗೂ ಮುಖ್ಯ ಮದ್ದು. ಆ ನೀರೇ ಬಿಸಿ ಜಾಗದಲ್ಲಿ ತೇವ ಹೆಚ್ಚಿಸುತ್ತದೆ ಎಂದು ಆಗಲೇ ಹೇಳಿದೆ. ಕೆಳಗೆ ಯಾವ ಮದ್ದೂ ಒಂಟಿಯಾಗಿ ಬರುವುದಿಲ್ಲ.

ಇಷ್ಟು ಕೆಳಗಿನ ಮಾತು. ಮೇಲೆ ಬಂದರೆ ಕಣ್ಣಿಗೆ ಮೊದಲು ಬೀಳುವುದು ದಿಬ್ಬ.

ಒಂದು ಟನ್ ಚಿನ್ನದ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಅದಿರನ್ನೆಲ್ಲ ಗೋಧಿ ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ನೆನೆಸಿ, ಚಿನ್ನ ಹೀರಿಕೊಂಡು, ಕೆಸರನ್ನು ಹೊರಗೆ ಸುರಿಯುತ್ತಾರೆ. ಕೋಲಾರದ ಗಣಿಗಳು ಒಟ್ಟು ಸುಮಾರು 800 ಟನ್ ಚಿನ್ನ ಕೊಟ್ಟವು. ಹಿಂದೆ ಬಿಟ್ಟ ದಿಬ್ಬಗಳ ತೂಕ ಮೂರು ಕೋಟಿ ಟನ್ನಿಗೂ ಹೆಚ್ಚು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ದಿಬ್ಬಗಳು ಮುಚ್ಚಲಿಲ್ಲ. ಗಾಳಿ ಬೀಸುವ ಕಾಲದಲ್ಲಿ ಅವುಗಳ ಧೂಳು ಊರಿನ ಮೇಲೆ ಹಾರುತ್ತದೆ. ಜನ ‘ಸೈನೈಡ್ ದಿಬ್ಬ’ ಎಂದು ಹೆದರುತ್ತಾರೆ. ಸೈನೈಡ್ ಬಿಸಿಲು ಗಾಳಿಗೆ ಬಹುಮಟ್ಟಿಗೆ ಒಡೆದುಹೋಗುವಂಥದ್ದು. ಇಂಥ ದಿಬ್ಬಗಳಲ್ಲಿ ಹೆಚ್ಚು ಕಾಲ ಉಳಿಯುವುದು ಅದಿರಿನೊಳಗೇ ಇದ್ದ ಗಂಧಕ, ಆರ್ಸೆನಿಕ್‌ನಂಥವು, ಮತ್ತೆ ಆ ನುಣುಪು ಸಿಲಿಕಾ.

ಈ ಕೆಸರು ‘ಪರಿಸರ’ ಎಂಬ ಕಪಾಟಿನ ವಿಷಯ ಎನ್ನುವವರಿಗೆ ನಾನು ಒಂದು ಹೆಸರು ಹೇಳುತ್ತೇನೆ: ಮುಫುಲಿರಾ. ಜಾಂಬಿಯಾದ ತಾಮ್ರದ ಗಣಿ. ಅದಿರು ಅರೆದು ಉಳಿದ ಕೆಸರನ್ನು ಗಣಿಯ ಮೇಲ್ಗಡೆಯ ನೆಲದಲ್ಲೇ ತುಂಬಿದ್ದರು. ಕೆಳಗೆ ಅದಿರು ತೆಗೆದಂತೆಲ್ಲ ಮೇಲಿನ ಬಂಡೆ ಕುಸಿಯುತ್ತ ಬರುವ ವಿಧಾನದಲ್ಲಿ ಕೆಲಸ ನಡೆಯುತ್ತಿತ್ತು. 1970ರ ಸೆಪ್ಟೆಂಬರ್ 25ರ ನಸುಕಿಗೆ ಮುಂಚೆ, ರಾತ್ರಿ ಪಾಳಿ ಕೆಳಗಿದ್ದಾಗ, ಆ ಕುಸಿತ ಕೆಸರಿನ ತಳವನ್ನು ಮುಟ್ಟಿತು. ಲಕ್ಷಾಂತರ ಟನ್ ಹಸಿ ಕೆಸರು ಸುರಂಗಗಳಿಗೆ ನುಗ್ಗಿತು. 89 ಜನ ಸತ್ತರು. ಅವರೇ ಅಗೆದು, ಮೇಲಕ್ಕೆ ಕಳಿಸಿ, ಅರೆಸಿದ ಕಲ್ಲು ಅದು. ಕೆಸರಿನ ಅಂಗಳದ ನಕ್ಷೆ ಒಂದು ಕಪಾಟಿನಲ್ಲಿ, ಸುರಂಗಗಳ ನಕ್ಷೆ ಇನ್ನೊಂದರಲ್ಲಿ ಇರುವ ಕಚೇರಿ ನೋಡಿದಾಗಲೆಲ್ಲ ನನಗೆ ಈ ಹೆಸರು ನೆನಪಾಗುತ್ತದೆ. ಎರಡನ್ನೂ ತೆಳು ಕಾಗದದ ಮೇಲೆ ಬರೆದು ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿದರೆ ಸಾಕು, ಎಂಥವನಿಗೂ ತಿಳಿಯುತ್ತದೆ.

ಅದೇ ಕೆಸರು ಬೇರೆ ರೀತಿಯಲ್ಲಿ ಕೆಳಗಿಳಿದರೆ ಕಾಪಾಡುತ್ತದೆ. ನೀರು ತೆಗೆದು, ಸ್ವಲ್ಪ ಸಿಮೆಂಟ್ ಬೆರೆಸಿ, ಇಡ್ಲಿ ಹಿಟ್ಟಿನ ಹದಕ್ಕೆ ತಂದು ಕೊಳವೆಯಲ್ಲಿ ಇಳಿಸಿ ಅದಿರು ತೆಗೆದ ಪೊಳ್ಳುಗಳಿಗೆ ತುಂಬುವ ಪದ್ಧತಿ ಈಗ ಬಹಳ ಗಣಿಗಳಲ್ಲಿದೆ. ಕೆಲವು ವಾರಗಳಲ್ಲಿ ಅದು ಗಟ್ಟಿಯಾಗಿ ಗೋಡೆಗಳಿಗೆ ಆತುಕೊಳ್ಳುತ್ತದೆ. ಬಂಡೆಗೆ ಒರಗಲು ಆಸರೆ ಸಿಗುತ್ತದೆ, ಸಿಡಿಯುವ ಸಂಭವ ಇಳಿಯುತ್ತದೆ, ಮೇಲೆ ದಿಬ್ಬವೂ ಚಿಕ್ಕದಾಗುತ್ತದೆ. ಕೋಲಾರದ ಗ್ರಾನೈಟ್ ಗೋಡೆಯ ಮೊಮ್ಮಗ ಎಂದು ಬೇಕಾದರೆ ಕರೆಯಿರಿ. ನಾನು ಮೊದಲ ಸಲ ನೋಡಿದಾಗ ತಡೆಗೋಡೆಯ ಸಂದಿನಿಂದ ಬೂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಕೈಯಿಟ್ಟರೆ ಗೋಡೆ ಬೆಚ್ಚಗಿತ್ತು, ಒಳಗೆ ಸಿಮೆಂಟ್ ಬಲಿಯುತ್ತಿತ್ತು. ಆದರೆ ಪೂರ್ತಿ ಕೆಸರು ಒಳಕ್ಕೆ ಹಿಡಿಸುವುದಿಲ್ಲ. ಅರೆದ ಕಲ್ಲು ಇಡೀ ಕಲ್ಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟು ಹಿಂದಿರುಗಿಸಬಹುದು. ಉಳಿದದ್ದಕ್ಕೆ ಮೇಲೆ ಕಟ್ಟೆ ಬೇಕೇ ಬೇಕು. ಆ ಕಟ್ಟೆಗಳು ಎಂಥ ಅನಾಹುತ ಮಾಡಬಲ್ಲವು ಎಂಬುದನ್ನು ಬ್ರೆಜಿಲ್‌ನ ಬ್ರುಮಾಡಿನ್ಯೋ 2019ರ ಜನವರಿ 25ರಂದು ತೋರಿಸಿತು. ಕಬ್ಬಿಣದ ಗಣಿಯ ಕೆಸರು ಕಟ್ಟೆ ಒಡೆದು 270 ಜನ ಹೋದರು. ಅವರಲ್ಲಿ ಬಹಳ ಮಂದಿ ಅದೇ ಗಣಿಯ ಕೆಲಸಗಾರರು. ಗಣಿಯ ಊಟದ ಮನೆ, ಕಚೇರಿ ಎರಡೂ ಕಟ್ಟೆಯ ಕೆಳಗೇ ಇದ್ದವು. ಅದನ್ನು ಯಾವ ಕಡತಕ್ಕೆ ಸೇರಿಸುತ್ತೀರಿ?

ಗಣಿಯ ಹೆಬ್ಬಾಗಿಲಿನಲ್ಲಿ ಒಂದು ಫಲಕ ಇರುತ್ತದೆ: ‘ಅಪಘಾತವಿಲ್ಲದೆ ಇಷ್ಟು ದಿನ.’ ಅಂಕಿಯನ್ನು ದಿನವೂ ಬದಲಿಸುತ್ತಾರೆ. ನನಗೆ ಆ ಫಲಕ ಕಂಡರೆ ಆಗದು. ಒಮ್ಮೆ ಒಬ್ಬ ಹುಡುಗ ಬೆರಳು ಜಜ್ಜಿಕೊಂಡು ಮೂರು ದಿನ ಕೈಗವಸಿನೊಳಗೆ ಬಚ್ಚಿಟ್ಟಿದ್ದ. ‘ಏಕೆ ಹೇಳಲಿಲ್ಲ?’ ಎಂದರೆ, ‘ನನ್ನಿಂದ ಫಲಕ ಸೊನ್ನೆಗೆ ಇಳಿಯುತ್ತದೆ, ಇಡೀ ಪಾಳಿಯ ಬಹುಮಾನ ಹೋಗುತ್ತದೆ ಸರ್’ ಎಂದ. ದಿನ ಎಣಿಸಿದರೆ ಗಾಯ ಕಡಿಮೆಯಾಗುವುದಿಲ್ಲ, ಕಾಣುವುದು ಕಡಿಮೆಯಾಗುತ್ತದೆ. ಅದರ ಬದಲು ‘ಈ ತಿಂಗಳು ಎಷ್ಟು ಜನ ಕೆಲಸ ನಿಲ್ಲಿಸಿದರು’ ಎಂದು ಎಣಿಸಿದರೆ ನಾನು ಮೆಚ್ಚುತ್ತೇನೆ. ಗಣಿ ಸುರಕ್ಷತೆಯ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲಿ ಮಾಡಿದ 176ನೆಯ ಒಡಂಬಡಿಕೆಯಲ್ಲಿ ಆ ಹಕ್ಕು ಬರೆದೇ ಇದೆ: ಗಂಭೀರ ಅಪಾಯ ಕಂಡರೆ ಕಾರ್ಮಿಕ ಆ ಜಾಗ ಬಿಟ್ಟು ಹೊರಡಬಹುದು. ಬರೆದದ್ದು ಪಾಳಿಯ ನಡುವೆ, ಅದಿರಿನ ಗುರಿ ತಲುಪದ ದಿನ, ಮೇಲಿನವರ ಫೋನು ಬಂದಾಗ ಎಷ್ಟು ನಡೆಯುತ್ತದೆ ಎಂಬುದು ಬೇರೆ ಮಾತು. 2010ರಲ್ಲಿ ಚಿಲಿಯ ಸ್ಯಾನ್ ಹೋಸೆ ಗಣಿಯಲ್ಲಿ ಸಿಕ್ಕಿಬಿದ್ದ 33 ಜನರನ್ನು 69 ದಿನಗಳ ಮೇಲೆ ಒಬ್ಬೊಬ್ಬರಾಗಿ ಮೇಲೆತ್ತಿದ್ದನ್ನು ಜಗತ್ತೇ ಟಿ.ವಿ.ಯಲ್ಲಿ ನೋಡಿತು. ಮೊದಮೊದಲು ಅವರು ಗಾಳಿಯ ಕೂಪದ ಮೂಲಕ ಹತ್ತಿ ಬರಲು ನೋಡಿದ್ದರು. ಅಲ್ಲಿ ಇರಬೇಕಾಗಿದ್ದ ಏಣಿ ಪೂರ್ತಿ ಇರಲಿಲ್ಲ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಪಾರುಮಾಡುವ ಕ್ಯಾಪ್ಸೂಲಿನ ಚಿತ್ರ ಎಲ್ಲರಿಗೂ ಗೊತ್ತು. 1989ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾವೀರ್ ಕಲ್ಲಿದ್ದಲ ಗಣಿಗೆ ನೀರು ನುಗ್ಗಿದಾಗ ಗಣಿ ಎಂಜಿನಿಯರ್ ಜಸವಂತ್ ಸಿಂಗ್ ಗಿಲ್ ಅಂಥದೇ ಉಕ್ಕಿನ ಕ್ಯಾಪ್ಸೂಲಿನಲ್ಲಿ ತಾವೇ ಕೆಳಗಿಳಿದು 65 ಜನರನ್ನು ಮೇಲೆ ಕಳಿಸಿದ್ದರು. ಆ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೂ ನನ್ನ ಮನಸ್ಸು ಏಣಿಯ ಕಡೆಗೇ ಹೋಗುತ್ತದೆ.

ಕೊನೆಯದು ನೀರು. ಗಣಿ ನಡೆಯುವಷ್ಟು ಕಾಲ ನೀರು ಶತ್ರು; ಪಂಪುಗಳು ಒಂದು ಗಳಿಗೆಯೂ ನಿಲ್ಲುವಂತಿಲ್ಲ. ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲ ಗಣಿಯಲ್ಲಿ 1975ರ ಡಿಸೆಂಬರ್ 27ರಂದು ಹಳೆಯ ಗಣಿಯಲ್ಲಿ ನಿಂತಿದ್ದ ನೀರು ಗೋಡೆ ಒಡೆದು ನುಗ್ಗಿ 370ಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅದು ಸುರಕ್ಷತೆಯ ಕಡತ. ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮರುದಿನ ಅದೇ ನೀರು ಪರಿಸರದ ಕಡತಕ್ಕೆ ವರ್ಗವಾಗುತ್ತದೆ. ಅದಿರಿನ ಜೊತೆ ಇರುವ ಗಂಧಕದ ಖನಿಜಕ್ಕೆ ಗಾಳಿ ತಾಗಿರುತ್ತದೆ, ಆಮೇಲೆ ನೀರು ತಾಗುತ್ತದೆ, ಆಮ್ಲ ಹುಟ್ಟುತ್ತದೆ, ಆಮ್ಲದಲ್ಲಿ ಲೋಹಗಳು ಕರಗುತ್ತವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವೀಲ್ ಜೇನ್ ತವರದ ಗಣಿ 1991ರಲ್ಲಿ ಮುಚ್ಚಿತು. ಮುಂದಿನ ಜನವರಿಯಲ್ಲಿ ತುಂಬಿದ ನೀರು ಹೊರಗೆ ಚಿಮ್ಮಿ ಫಾಲ್ ನದಿಯ ಅಳಿವೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಜೋಹಾನ್ಸ್‌ಬರ್ಗ್ ಪಕ್ಕದ ಹಳೆಯ ಚಿನ್ನದ ಗಣಿಗಳಿಂದ 2002ರಲ್ಲಿ ಆಮ್ಲದ ನೀರು ಮೇಲೆ ಉಕ್ಕತೊಡಗಿತು. ಕೆನಡಾದ ಯೆಲ್ಲೋನೈಫ್‌ನ ಜೈಂಟ್ ಗಣಿಯದು ಇನ್ನೊಂದು ಬಗೆ. ಚಿನ್ನದ ಅದಿರನ್ನು ಸುಟ್ಟಾಗ ಬಂದ 2,37,000 ಟನ್ ಆರ್ಸೆನಿಕ್ ಪುಡಿಯನ್ನು ಭೂಮಿಯೊಳಗಿನ ಕೋಣೆಗಳಲ್ಲೇ ತುಂಬಿದ್ದಾರೆ. ನೀರು ತಾಗಿದರೆ ಕರಗುವ ವಿಷ ಅದು. ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ಹಾಗೆಯೇ ಇಡುವುದು ಈಗಿನ ಯೋಜನೆ. ಎಷ್ಟು ಕಾಲ? ಕೊನೆ ಎಂದು ಬರೆದ ದಿನಾಂಕ ಇಲ್ಲ. ಚಿನ್ನ ತೆಗೆದದ್ದು ಸುಮಾರು ಐವತ್ತು ವರ್ಷ.

ಒಳ್ಳೆಯ ಕಥೆಗಳೂ ಇವೆ. ನೆದರ್‌ಲ್ಯಾಂಡ್ಸ್‌ನ ಹೇರ್ಲೆನ್ ಪಟ್ಟಣ ಮುಚ್ಚಿದ ಕಲ್ಲಿದ್ದಲ ಗಣಿಗಳಲ್ಲಿ ತುಂಬಿದ ಬೆಚ್ಚನೆಯ ನೀರಿನಿಂದ 2008ರಿಂದ ಕಟ್ಟಡಗಳನ್ನು ಕಾಯಿಸುತ್ತಿದೆ. ನಮ್ಮನ್ನು ಕೆಳಗೆ ಬೇಯಿಸುತ್ತಿದ್ದ ಅದೇ ಬಿಸಿ. ಓದಿದಾಗ ನನಗೆ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಈಗ ನಾನು ಫ್ಯಾನಿನ ಕೆಲಸದಲ್ಲಿಲ್ಲ. ತಿಂಗಳಿಗೊಮ್ಮೆ, ಮುಚ್ಚಿದ ಗಣಿಯೊಂದರ ಕೂಪದ ಬಾಯಿಗೆ ಹೋಗುತ್ತೇನೆ. ಕಬ್ಬಿಣದ ಜಾಲರಿಯ ಬೀಗ ತೆಗೆದು, ತುದಿಗೆ ಸಂವೇದಕ ಕಟ್ಟಿದ ಅಳತೆ ಪಟ್ಟಿಯನ್ನು ರಾಟೆಯಿಂದ ಇಳಿಬಿಡುತ್ತೇನೆ. ನೀರು ತಾಗಿದೊಡನೆ ಮೇಲೆ ಸಣ್ಣ ಗಂಟೆ ‘ಪೀಂ’ ಎನ್ನುತ್ತದೆ. ಪಟ್ಟಿಯ ಮೇಲಿನ ಅಂಕಿ ನೋಡಿ ದಾಖಲೆ ಪುಸ್ತಕದಲ್ಲಿ ಬರೆಯುತ್ತೇನೆ, ಒಂದು ಸೀಸೆ ನೀರು ಎತ್ತಿ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಹೋದ ತಿಂಗಳಿಗಿಂತ ಈ ತಿಂಗಳು ನೀರು ಎರಡು ಮೀಟರ್ ಮೇಲೆ ಬಂದಿದೆ. ಪುಸ್ತಕದ ಕೊನೆಯ ಅಂಕಣಕ್ಕೆ ‘ವಿಭಾಗ’ ಎಂದು ತಲೆಬರಹವಿದೆ. ಅದನ್ನು ಏನೆಂದು ತುಂಬಬೇಕೋ ಯಾರೂ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಹನ್ನೊಂದು ತಿಂಗಳಿಂದ ಅದು ಖಾಲಿಯೇ ಇದೆ.